ಯಾಫೆತ್ ಹೇಳದೇ ಇದ್ದದ್ದು

ಶಿಕಾಗೊದ ಬೀದಿಗಳೆಲ್ಲ ನನಗೆ ಬಾಯಿಪಾಠ.
ಹನ್ನೊಂದು ವರ್ಷದ ಟ್ಯಾಕ್ಸಿ.
ಕುಡಿದವರು ಅರ್ಧ ಹೇಳಿ ನಿದ್ದೆಹೋದರೂ
ಅವರವರ ಬಾಗಿಲಿಗೇ ಇಳಿಸಿ ಬಂದಿದ್ದೇನೆ.
ಒಂದೇ ಒಂದು ವಿಳಾಸ ಬರೆಯುವಾಗ ಕೈ ತಡೆಯಿತು.
ಅದು ನಮ್ಮದಲ್ಲ.
ಹೆಂಡತಿಯ ಅಕ್ಕ ಮೆಹ್ರೆತಳದು,
ರೈಲು ಹಳಿಯ ಆಚೆ, ಮೂರನೇ ಮಹಡಿ.

ಜಾಣ ಮಕ್ಕಳಿಗೊಂದು ಬೇರೆ ತರಗತಿಯಂತೆ,
ಸರ್ಕಾರಿ ಶಾಲೆಯೇ, ದುಡ್ಡು ಕೊಡಬೇಕಿಲ್ಲ.
ಹಳಿಯ ಆಚೆಯವರಿಗೆ ಸಾಲು ಚಿಕ್ಕದಂತೆ.
ಸೆನಾಯ್ತ್ ಇದನ್ನು ಕೇಳಿಕೊಂಡು ಬಂದದ್ದು
ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ,
ಇಸ್ತ್ರಿಯ ಹಬೆಯೊಳಗೆ, ಜೊತೆಯವಳ ಬಾಯಿಂದ.
ಅವಳಿಗೆ ಯಾರು ಹೇಳಿದರೋ.
ಇಂಥ ಸುದ್ದಿಗೆ ಕಾಲು ಮಾತ್ರ ಇರುತ್ತದೆ.

ಅರ್ಜಿ ಮೂರು ರಾತ್ರಿ
ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡಿತ್ತು.
ನಿಮ್ಮ ಮಗು ಮೊದಲು ಎಣಿಸಿದ್ದು ಯಾವಾಗ?
ನನ್ನ ತೊಡೆಯ ಮೇಲೆ ಕೂತು
ಟ್ಯಾಕ್ಸಿಯ ಮೀಟರು ಓದುತ್ತಿದ್ದ.
ಹೀಗೆಲ್ಲ ಬರೆಯಬಹುದೇ? ಅಳಿಸಿದೆವು.
ಮೂರು ವರ್ಷ, ಅಂದಳು ಸೆನಾಯ್ತ್.
ಎರಡು, ಅಂದೆ ನಾನು.
ಚೌಕಾಸಿ ಮಾಡಿ ಎರಡೂವರೆ.

ಆಮೇಲೆ ಅವನ ಷೂ ಲೇಸು ಕಟ್ಟುತ್ತ,
ಮುಖ ನೋಡದೆ, ಹೇಳಿದೆ:
ಮನೆ ಎಲ್ಲಿ ಅಂತ ಯಾರಾದರೂ ಕೇಳಿದರೆ
ದೊಡ್ಡಮ್ಮನ ಮನೆ ಅನ್ನು.
"ಅಲ್ಲಿ ನನ್ನ ಹಾಸಿಗೆ ಇಲ್ಲ."
ಹಾಗಾದರೆ ಏನೂ ಹೇಳಬೇಡ ಮಾರಾಯ,
ಮನೆಯ ವಿಷಯ ಬಂದರೆ ಸುಮ್ಮನಿದ್ದುಬಿಡು.

ಜನವರಿಯ ಶನಿವಾರ.
ಸರೋವರದ ಕಡೆಯಿಂದ ಕಿವಿ ಕೊಯ್ಯುವ ಗಾಳಿ.
ಶಾಲೆಯ ಊಟದ ಕೋಣೆಯಲ್ಲಿ, ಮಂಡಿ ಗದ್ದಕ್ಕೆ ತಾಗುವ
ಪುಟ್ಟ ಕುರ್ಚಿಗಳ ಮೇಲೆ ನಾವು, ದೊಡ್ಡವರು.
ಪಟ್ಟಿ ಹಿಡಿದೊಬ್ಬಾಕೆ ಬಂದಳು.
ಅಂಗಿಗೆ ನಂಬರಿನ ಚೀಟಿ ಅಂಟಿಸಿ, ಸಾಲು ಕಟ್ಟಿಸಿ
ಹನ್ನೆರಡು ಮಕ್ಕಳನ್ನು ಬಾಗಿಲಾಚೆ ಕರೆದೊಯ್ದಳು.
ತಿರುಗಿ ನೋಡಲಿ ಅಂದುಕೊಂಡೆ.
ನೋಡದೇ ಇರಲಿ ಅಂತಲೂ.
ನೋಡಲಿಲ್ಲ.

ಎದುರಿಗೆ ಬೊಗ್ನಾ ಅಂತ ಒಬ್ಬ ಪೋಲಿಷ್ ಹೆಂಗಸು.
ಮಗಳಿಗೆ ಜ್ವರದ ಔಷಧಿ ಕುಡಿಸಿ ಕರೆತಂದಿದ್ದಳಂತೆ.
ಹೇಳಿದ ಮೇಲೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.
ನನಗೂ ಹೇಳಬೇಕೆನಿಸಿತು, ಹಳಿಯ ವಿಷಯ.
ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದೆ.
ಎರಡು ತೆಗೆದುಕೊಂಡಳು, ಒಂದು ಮಗಳಿಗೆ.

ನಲವತ್ತು ನಿಮಿಷ. ಹೊರಗೆ ಬಂದ.
ಏನು ಕೇಳಿದರೋ?
"ಹೇಳಬಾರದಂತೆ."
ಅಪ್ಪನಿಗೂ?
"ಅಪ್ಪನಿಗೂ."
ಕಾರಿನ ಕನ್ನಡಿಯಲ್ಲಿ ಕಂಡೆ,
ನಾಲ್ಕು ವರ್ಷದ ಮುಖ, ಒಳಗಿನಿಂದ ಚಿಲಕ ಹಾಕಿಕೊಂಡದ್ದು.
ಆ ಹಿಂದಿನ ಸೀಟಿನಲ್ಲಿ ಎಷ್ಟು ಸಾವಿರ ಅಪರಿಚಿತರು ಕೂತೆದ್ದಿದ್ದಾರೋ.
ಅವನು ಹಾಗೆ ಕೂತದ್ದು ಅದೇ ಮೊದಲು.

ಏಪ್ರಿಲ್‌ನಲ್ಲಿ ಕಾಗದ ಬಂತು, ಮೆಹ್ರೆತಳ ಮನೆಗೆ, ಮತ್ತೆಲ್ಲಿಗೆ.
ಒಡೆಯದೆ ರೈಲಿನಲ್ಲಿ ತಂದುಕೊಟ್ಟಳು,
ಇಂಜೆರಾ ರೊಟ್ಟಿಯ ಜೊತೆ, ಒಂದೇ ಚೀಲದಲ್ಲಿ.
ಲಕೋಟೆಗೆಲ್ಲ ಹುಳಿಹಿಟ್ಟಿನ ವಾಸನೆ.
ಹೌದು ಅಂತಲ್ಲ, ಇಲ್ಲ ಅಂತಲೂ ಅಲ್ಲ:
ಕಾಯುವವರ ಪಟ್ಟಿ, ನಲವತ್ತೊಂದು.
ಸೆನಾಯ್ತ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದಳು,
ಮತ್ತೆ ತೆಗೆದಳು.

ಆ ರಾತ್ರಿ ಸ್ನಾನದ ತೊಟ್ಟಿಯಲ್ಲಿ, ನಾನು ಕೇಳದೆಯೇ,
ತಲೆಯ ಮೇಲೆ ನೊರೆ ಹೊತ್ತುಕೊಂಡು ಅಂದ:
"ಒಂದು ಚಿತ್ರ ಇತ್ತು ಅಪ್ಪ.
ಹಕ್ಕಿಗೆ ಗೂಡು, ಮೀನಿಗೆ ನೀರು,
ಹುಡುಗನಿಗೆ ಯಾವುದು ಅಂದರು.
ಕೆಳಗೆ ಬಸ್ಸಿತ್ತು, ಟೋಪಿಯಿತ್ತು,
ಮನೆ ಇತ್ತು."
ಮತ್ತೆ ನೀನು?
"ಸುಮ್ಮನಿದ್ದೆ. ನೀನು ಹೇಳಿದ್ದೆಯಲ್ಲ."

ಚೊಂಬಿನಲ್ಲಿ ನೀರು ತುಂಬಿಕೊಂಡೆ.
ಕಣ್ಣು ಮುಚ್ಚಿಕೋ, ಅಂದೆ.
ಮುಚ್ಚಿಕೊಂಡ, ಗಟ್ಟಿಯಾಗಿ,
ನಾನು ತೆರೆ ಅನ್ನುವವರೆಗೂ.